ಅಂಗನವಾಡಿ ಅಕ್ಕೋರು ಏನು ಓದಿರಬೇಕು?

ಮಕ್ಕಳೇ, ನಿಮ್ಮ ಶಾಲೆಯ ಗಣಿತದ ಮಾಸ್ತರು ಏನು ಓದಿದ್ದಾರೆ ಎಂದು ಯಾರಾದರೂ ಕೇಳಿದರೆ ಡಿ.ಎಡ್., ಬಿ.ಎಡ್. ಎಂದು ಥಟ್ಟನೆ ಹೇಳುತ್ತೀರಿ. ದವಾಖಾನೆಯ ಡಾಕ್ಟರು ಏನು ಓದಿರುತ್ತಾರೆ ಎನ್ನುವುದೂ ನಿಮಗೆ ಗೊತ್ತು. ಆದರೆ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲಿ ನಿಮ್ಮನ್ನು ಮಡಿಲಲ್ಲಿ ಕೂರಿಸಿಕೊಂಡು, ಹಾಡು ಹೇಳಿ, ಅಮ್ಮನ ನೆನಪಾಗಿ ಅತ್ತರೆ ಸಮಾಧಾನ ಮಾಡಿದ ಅಂಗನವಾಡಿ ಅಕ್ಕೋರು ಏನು ಓದಿದ್ದಾರೆ? ಈ ಪ್ರಶ್ನೆಗೆ ನಿಮ್ಮ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ಒಂದು ಕ್ಷಣ ತಡವರಿಸುತ್ತಾರೆ. ಕೇಳಿ ನೋಡಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಹಳ್ಳಿಗೆ ಬೇಕಾದರೂ ಬೆಳಿಗ್ಗೆ ಹೋಗಿ. ಕಬ್ಬು ಕಡಿಯುವವರು, ಗೋವಿನಜೋಳದ ಹೊಲದಲ್ಲಿ ಕಸ ತೆಗೆಯುವವರು ಬುತ್ತಿ ಕಟ್ಟಿಕೊಂಡು ಹೊರಟಿರುತ್ತಾರೆ. ದೊಡ್ಡ ಮಕ್ಕಳು ಸರಕಾರಿ ಶಾಲೆಗೆ, ಉಳ್ಳವರ ಮಕ್ಕಳು ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ. ಉಳಿದ ಚಿಕ್ಕ ಚಿಕ್ಕ ಕೂಸುಗಳು ಅಜ್ಜಿಯ ಬೆರಳು ಹಿಡಿದು ಅಂಗನವಾಡಿಗೆ. ಅಲ್ಲಿ ಫೀಸು ಇಲ್ಲ, ಊಟ ಉಂಟು. ಇಷ್ಟಕ್ಕೇ ಅದರ ಬೆಲೆ ನಮ್ಮ ಕಣ್ಣಿಗೆ ಕಡಿಮೆಯಾಗಿದೆ. “ಅಲ್ಲೇನ್ ಕಲಸ್ತಾರ್ರೀ, ಉಪ್ಪಿಟ್ಟು ತಿನಿಸಿ ಕಳಸ್ತಾರ” ಎನ್ನುವ ಮಾತು ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಎಷ್ಟು ಸಲ ಬಂದಿಲ್ಲ! ಹಾಗಾದರೆ ಅಲ್ಲಿ ಏನು ಕಲಿಸುತ್ತಾರೆ, ಕಲಿಸುವವರು ತಾವು ಏನು ಕಲಿತಿರಬೇಕು ಎಂಬುದನ್ನು ಈ ವಾರ ನೋಡೋಣ.

ಅಂಗಳದಲ್ಲಿ ಹುಟ್ಟಿದ ಶಾಲೆ

ಮೊದಲು ಹೆಸರಿನ ಕಥೆ. ‘ಅಂಗನವಾಡಿ’ ನಮಗೆ ಮರಾಠಿಯಿಂದ ಬಂದ ಮಾತು. ಅವರ ‘ಅಂಗಣ’, ನಮ್ಮ ‘ಅಂಗಳ’ ಎರಡೂ ಒಂದೇ. 1945ರಲ್ಲಿ ಮುಂಬೈಯಿಂದ ಉತ್ತರಕ್ಕೆ ಸಮುದ್ರದ ದಂಡೆಯಲ್ಲಿರುವ ಬೋರ್ಡಿ ಎಂಬ ಊರಿನಲ್ಲಿ ತಾರಾಬಾಯಿ ಮೋಡಕ್ ಎಂಬ ಶಿಕ್ಷಕಿ ಹಳ್ಳಿಯ ಚಿಕ್ಕ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದರು. ಅನುತಾಯಿ ವಾಘ್ ಅವರ ಜೊತೆಗಾರ್ತಿಯಾದರು. ತಾರಾಬಾಯಿಯವರು ಅದಕ್ಕೂ ಮೊದಲು ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರದಲ್ಲಿ ಕೆಲಸ ಮಾಡಿದವರು. ಇಟಲಿಯ ಮಾರಿಯಾ ಮಾಂಟೆಸ್ಸೊರಿ ಅವರ ಪದ್ಧತಿಯನ್ನು ಚೆನ್ನಾಗಿ ಅರಗಿಸಿಕೊಂಡವರು. ಆದರೆ ದುಬಾರಿ ಆಟಿಕೆಗಳ ಆ ಪದ್ಧತಿ ಬಡವರ ಕೇರಿಗೆ ಎಟುಕುವಂತಿರಲಿಲ್ಲ. ಕೇರಿಯ ಮಕ್ಕಳು ಶಾಲೆಗೆ ಬರುತ್ತಲೂ ಇರಲಿಲ್ಲ.

ಆಗ ಅವರು ಏನು ಮಾಡಿದರು ಗೊತ್ತೇ? ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂದರು. ಯಾರದೋ ಮನೆಯ ಮುಂದೆ ಕಸ ಗುಡಿಸಿ, ಮಕ್ಕಳ ಕೈಕಾಲು ತೊಳೆಸಿ, ಚಿಪ್ಪು, ಬೀಜ, ಎಲೆ, ಕಲ್ಲುಗಳನ್ನೇ ಆಟಿಕೆ ಮಾಡಿಕೊಂಡು ಪಾಠ ಶುರುವಾಯಿತು. ಅದೇ ಅಂಗಣವಾಡಿ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದ್ದೂ ಉಂಟು.

ಮುಂದೆ 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾರಂಭಿಸಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ಕರ್ನಾಟಕದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ನಾಲ್ಕುನೂರರಿಂದ ಎಂಟುನೂರು ಜನರಿರುವ ಪ್ರತಿ ವಸತಿಗೆ ಒಂದು ಕೇಂದ್ರ ಎನ್ನುವುದು ಲೆಕ್ಕ.

ಉಪ್ಪಿಟ್ಟಿನ ಆಚೆಗೆ

ಅಂಗನವಾಡಿಗೆ ಒಪ್ಪಿಸಿರುವ ಕೆಲಸಗಳು ಆರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದವರನ್ನು ಗುರುತಿಸಿ ಕಳಿಸುವುದು, ತಾಯಂದಿರಿಗೆ ಆರೋಗ್ಯ ಮತ್ತು ಆಹಾರದ ತಿಳಿವಳಿಕೆ. ಕ್ಷೀರಭಾಗ್ಯದ ಹಾಲು ಇದರ ಮೇಲೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿಯೂಟವೂ ಸೇರಿತು.

ಒಂದು ಉದಾಹರಣೆ ನೋಡಿ. ಅಕ್ಕೋರ ಹತ್ತಿರ ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ ಇರುತ್ತದೆ. ಅದನ್ನು ಕೂಸಿನ ಎಡ ತೋಳಿಗೆ ಸುತ್ತಿ ಅಳೆಯುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರಿಕೆ. 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ ಉದ್ದ ಅಳೆಯಬೇಕು, ಅದಕ್ಕಿಂತ ದೊಡ್ಡವರನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ತೂಕ, ಎತ್ತರ, ವಯಸ್ಸು ಮೂರನ್ನೂ ಹೊಂದಿಸಿ ನೋಡಿ, ಮೊಬೈಲಿನ ಪೋಷಣ್ ಟ್ರ್ಯಾಕರಿನಲ್ಲಿ ತುಂಬಬೇಕು. ಒಂದು ಸೆಂಟಿಮೀಟರು ತಪ್ಪಾಗಿ ಓದಿದರೆ ಒಂದು ಮಗುವಿನ ಹಸಿವು ಲೆಕ್ಕಕ್ಕೇ ಬರದೆ ಹೋಗಬಹುದು. ಅಜ್ಜಿಯರೇ, ಇದು ಉಪ್ಪಿಟ್ಟು ಕಲಸಿದಷ್ಟು ಸುಲಭದ ಕೆಲಸವಲ್ಲ. ಹಾಗೆ ನೋಡಿದರೆ ಉಪ್ಪಿಟ್ಟು ಗಂಟಾಗದಂತೆ ಕಲಸುವುದೂ ಸುಲಭವಲ್ಲ, ನಿಮಗೇ ಗೊತ್ತು!

ಇನ್ನು ಪಾಠ. ನಮ್ಮ ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಪಠ್ಯಕ್ರಮವಿದೆ. ನಾನು ಮತ್ತು ನನ್ನ ಮನೆ, ಹಣ್ಣು, ಪ್ರಾಣಿ, ನೀರು ಎಂದು ಮಗುವಿಗೆ ಹತ್ತಿರದ ವಿಷಯಗಳ ಸುತ್ತ ಹಾಡು, ಕಥೆ, ಆಟ, ಚಿತ್ರ. ಕೆಲವು ತಾಯಂದಿರಿಗೆ ಇದು ಸಮಾಧಾನವಿಲ್ಲ. “ನಾಕ ವರ್ಷ ಆತು, ಇನ್ನ ಎಬಿಸಿಡಿ ಬರಿಯಾಕ ಬರವಲ್ದು” ಎಂದು ದೂರುತ್ತಾರೆ. ಆದರೆ ಮೂರು ನಾಲ್ಕು ವರ್ಷದ ಮಗುವಿನ ಬೆರಳುಗಳಿಗೆ ಪೆನ್ಸಿಲ್ ಹಿಡಿದು ಸಾಲು ಸಾಲು ಬರೆಯುವ ಬಲ ಇನ್ನೂ ಬಂದಿರುವುದಿಲ್ಲ. ಮಣಿ ಪೋಣಿಸುವುದು, ಮಣ್ಣು ನಾದುವುದು, ಕಾಗದ ಮಡಚುವುದು, ಇವೇ ಆ ವಯಸ್ಸಿನ ಬರವಣಿಗೆ. ನಮ್ಮ ಗೋಕಾಕದ ಬಣ್ಣದ ಗೊಂಬೆಗಳು, ನಿಜವಾದ ಹಣ್ಣೇ ಎಂದು ಮೋಸಹೋಗುವಂತಿರುವ ಆ ಮಾವು, ಬಾಳೆ, ಸೀತಾಫಲಗಳು ಎಷ್ಟು ಒಳ್ಳೆಯ ಪಾಠ ಹೇಳುತ್ತವೆ! ಬಣ್ಣ ಯಾವುದು, ದೊಡ್ಡದು ಯಾವುದು, ಎಷ್ಟು ಉಳಿದವು ಎಂದು ಕೇಳುತ್ತ ಹೋದರೆ ಗಣಿತವೂ ಬಂತು, ಭಾಷೆಯೂ ಬಂತು.

ಯಾವ ವಯಸ್ಸಿಗೆ ಯಾವುದು, ಏಕೆ ಎಂದು ತಿಳಿದಿರಬೇಕು. ಅದಕ್ಕೇ ಓದು ಬೇಕಾಗುವುದು.

ಎಷ್ಟು ಓದಿರಬೇಕು?

ಈಗ ನಮ್ಮ ಪ್ರಶ್ನೆಗೆ ಬರೋಣ. ಹಿಂದೆ ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಗಳು ಅಂಗನವಾಡಿ ಕಾರ್ಯಕರ್ತೆಯಾಗಬಹುದಿತ್ತು. ಈಗ ನಿಯಮ ಬಿಗಿಯಾಗಿದೆ. ಕಾರ್ಯಕರ್ತೆಯಾಗಲು ದ್ವಿತೀಯ ಪಿಯುಸಿ ಪಾಸಾಗಿರಬೇಕು. ಸಹಾಯಕಿಯಾಗಲು ಎಸ್ಸೆಸ್ಸೆಲ್ಸಿ. ಕನ್ನಡ ಓದಲು, ಬರೆಯಲು ಬರಬೇಕು. ವಯಸ್ಸು 35 ದಾಟಿರಬಾರದು. ಅಂಗವಿಕಲರಿಗೆ ಸಡಿಲಿಕೆ ಇದೆ. ಅರ್ಜಿ ಹಾಕುವವಳು ಆ ಊರಿನಲ್ಲೇ ವಾಸವಾಗಿರಬೇಕು. ವಿಧವೆಯರು, ಪರಿತ್ಯಕ್ತೆಯರಂಥ ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಆದ್ಯತೆ ಉಂಟು. ಹುದ್ದೆ ಖಾಲಿಯಾದಾಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಪ್ರಕಟಣೆ ಹೊರಡಿಸುತ್ತದೆ, ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬೇಕು. ಆಯಾ ಸಲದ ನಿಯಮಗಳನ್ನು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ, ಅಂದರೆ ನಮ್ಮ ಜನ ಸಿಡಿಪಿಒ ಆಫೀಸು ಎನ್ನುವಲ್ಲಿ ಕೇಳಿ ತಿಳಿಯಬಹುದು.

ಪಿಯುಸಿಗೇ ಓದು ಮುಗಿಯಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಗನವಾಡಿ ಶಿಕ್ಷಕಿಯರಿಗೆ ಎರಡು ದಾರಿ ತೋರಿಸಿದೆ. ಪಿಯುಸಿ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಚಿಕ್ಕ ಮಕ್ಕಳ ಶಿಕ್ಷಣದಲ್ಲಿ 6 ತಿಂಗಳ ಸರ್ಟಿಫಿಕೇಟ್ ಕೋರ್ಸು. ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ. ಕೆಲಸ ಬಿಡಬೇಕಿಲ್ಲ, ಟಿವಿ, ಮೊಬೈಲುಗಳ ಮೂಲಕ ಪಾಠ, ತಿಂಗಳಿಗೊಮ್ಮೆಯಾದರೂ ಎದುರಾಬದುರು ಕೂತು ಕಲಿಯುವ ತರಗತಿ ಇರಬೇಕು ಎಂದು ಆ ನೀತಿ ಹೇಳುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ‘ಪೋಷಣ್ ಭಿ ಪಢಾಯಿ ಭಿ’ ಎಂಬ ಕಾರ್ಯಕ್ರಮ ಆರಂಭಿಸಿ ಕಾರ್ಯಕರ್ತೆಯರಿಗೆ ತರಬೇತಿ ಕೊಡಿಸುತ್ತಿದೆ. ಹೆಸರಿನ ಅರ್ಥ: ಊಟವೂ ಬೇಕು, ಓದೂ ಬೇಕು.

ಸಹಾಯಕಿಗೂ ದಾರಿ ಮುಚ್ಚಿಲ್ಲ. ಕಾರ್ಯಕರ್ತೆಯರ ಅರ್ಧದಷ್ಟು ಹುದ್ದೆಗಳನ್ನು 5 ವರ್ಷ ಸೇವೆ ಸಲ್ಲಿಸಿದ, ಉಳಿದ ಅರ್ಹತೆಯೂ ಇರುವ ಸಹಾಯಕಿಯರಿಂದ ತುಂಬಬೇಕು ಎಂದು ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ. ಇಂದು ಗುಂಡಾಲಿ ತೊಳೆಯುವ ಕೈ ನಾಳೆ ಸೀಮೆಸುಣ್ಣ ಹಿಡಿಯಬಹುದು. ಆದರೆ ‘ಉಳಿದ ಅರ್ಹತೆ’ ಎಂದರೆ ಮತ್ತೆ ಅದೇ ಪಿಯುಸಿ.

ಇನ್ನೂ ಚಿಕ್ಕ ಕೂಸುಗಳಿಗಾಗಿ ಕರ್ನಾಟಕ ಸರಕಾರ 2023-24ರ ಬಜೆಟ್ಟಿನಲ್ಲಿ ‘ಕೂಸಿನ ಮನೆ’ಯನ್ನು ಘೋಷಿಸಿತು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳಲು 4,000 ಗ್ರಾಮ ಪಂಚಾಯತಿಗಳಲ್ಲಿ ಇಂಥ ಮನೆಗಳು ಎಂಬುದು ಆ ಘೋಷಣೆ. ಕೂಸು ನೋಡಿಕೊಳ್ಳುವವರೂ ಅದೇ ಊರಿನ ಹೆಣ್ಣುಮಕ್ಕಳು. ಅವರಿಗೂ ತರಬೇತಿ ಉಂಟು. ಹತ್ತು ಮಕ್ಕಳನ್ನು ಹೆತ್ತು ಬೆಳೆಸಿದ ಮುತ್ತಜ್ಜಿಗೆ ಇದು ನಗೆ ಬರಿಸಬಹುದು: “ಕೂಸ ಆಡಸಾಕ ಟ್ರೇನಿಂಗ್ ಯಾಕಬೇಕ?” ತನ್ನ ಕೂಸನ್ನು ಆಡಿಸಲು ಬೇಡ, ನಿಜ. ಊರಿನ ಇಪ್ಪತ್ತು ಕೂಸುಗಳನ್ನು ಒಟ್ಟಿಗೆ ನೋಡಿಕೊಳ್ಳುವಾಗ ಯಾರಿಗೆ ಜ್ವರ, ಯಾರು ಮಾತು ತಡವಾಗಿ ಕಲಿಯುತ್ತಿದ್ದಾರೆ, ಯಾರು ಸುಮ್ಮನೆ ಮೂಲೆ ಹಿಡಿದಿದ್ದಾರೆ ಎಂದು ಗುರುತಿಸಲು ಕಲಿತ ಕಣ್ಣು ಬೇಕು.

ಆ ಪಿಯುಸಿ ಎಂಬ ಹೊಸ್ತಿಲು

ಅಜ್ಜ-ಅಜ್ಜಿಯರೇ, ಇಲ್ಲಿಂದ ಮುಂದಿನ ಮಾತು ನಿಮಗೆ.

ನಮ್ಮ ಭಾಗದಲ್ಲಿ ಎಸ್ಸೆಸ್ಸೆಲ್ಸಿ ಆದ ಕೂಡಲೇ ಓದು ನಿಂತು, ಮದುವೆಯಾಗಿ ಬಂದ ಸೊಸೆಯಂದಿರು ಎಷ್ಟು ಮನೆಗಳಲ್ಲಿಲ್ಲ? ಶ್ಯಾಣ್ಯಾ ಹುಡುಗಿಯರು, ಒಳ್ಳೆಯ ಅಂಕ ಪಡೆದವರು. ಕಾಲೇಜು ಗೋಕಾಕದಲ್ಲೋ ಸಂಕೇಶ್ವರದಲ್ಲೋ ಇತ್ತು, ಬಸ್ಸಿನಲ್ಲಿ ಕಳಿಸಲು ಮನೆಯವರಿಗೆ ಮನಸ್ಸಿರಲಿಲ್ಲ. ಅಲ್ಲಿಗೆ ಅವಳ ಓದು ಪೆಟ್ಟಿಗೆ ಸೇರಿತು. ಈಗ ಅವಳ ಊರಿನ ಅಂಗನವಾಡಿಯಲ್ಲಿ ಹುದ್ದೆ ಖಾಲಿಯಾಗಿದೆ ಎನ್ನಿ. ಊರು ಅವಳದೇ. ಮಕ್ಕಳೆಂದರೆ ಜೀವ. ಭಾಷೆ ಬರುತ್ತದೆ. ಬಾಕಿ ಇರುವುದು ಪಿಯುಸಿ ಒಂದೇ.

ಅದನ್ನು ಮುಗಿಸಲು ಅವಳು ದಿನಾಲು ಕಾಲೇಜಿಗೆ ಹೋಗಲೇಬೇಕೆಂದಿಲ್ಲ. ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಖಾಸಗಿ ಅಭ್ಯರ್ಥಿಯಾಗಿ ಹೆಸರು ನೋಂದಾಯಿಸಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುವ ಅವಕಾಶವಿದೆ. ಹತ್ತಿರದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪ್ರಾಂಶುಪಾಲರನ್ನು ಕೇಳಿದರೆ ಯಾವಾಗ ಹೆಸರು ಹಚ್ಚಬೇಕು, ಏನೇನು ಕಾಗದ ಬೇಕು ಎಂದು ಹೇಳುತ್ತಾರೆ.

ಅವಳಿಗೆ ಬೇಕಾದದ್ದು ದಿನಕ್ಕೆ ಎರಡು ತಾಸು. ಆ ಎರಡು ತಾಸು ಎಲ್ಲಿಂದ ಬರಬೇಕು? ರೊಟ್ಟಿ ಬಡಿಯುವ ಹೊತ್ತಿನಿಂದ ಬರುವುದಿಲ್ಲ, ದನದ ಕೊಟ್ಟಿಗೆಯ ಹೊತ್ತಿನಿಂದಲೂ ಬರುವುದಿಲ್ಲ. ಬಂದರೆ ನಿಮ್ಮಿಂದಲೇ ಬರಬೇಕು. ಸಂಜೆ ಎರಡು ತಾಸು ಮೊಮ್ಮಗುವನ್ನು ಅಜ್ಜ ಎತ್ತಿಕೊಂಡು ಗುಡಿಯ ಕಡೆ ಹೋದರೆ, ಅಜ್ಜಿ ಕಥೆ ಹೇಳುತ್ತ ಮಲಗಿಸಿದರೆ, ಒಳಗೆ ಪುಸ್ತಕ ತೆರೆಯುತ್ತದೆ. “ಈಗ ಓದಿ ಏನ್ ಮಾಡ್ತಿ, ಕೂಸಿನ್ನ ನೋಡ್ಕೊ ಸಾಕು” ಎಂಬ ಒಂದು ಮಾತು ಬಂದರೆ ಅದು ಮುಚ್ಚಿಕೊಳ್ಳುತ್ತದೆ. ಮೂವತ್ತೈದರ ಗಡುವು ಯಾರಿಗಾಗಿಯೂ ಕಾಯುವುದಿಲ್ಲ. ಇಪ್ಪತ್ತೆಂಟಕ್ಕೆ ಬೇಡ ಎಂದ ಮನೆಯವರು ಮೂವತ್ತಾರಕ್ಕೆ ಹೂಂ ಎಂದರೆ ಏನು ಪ್ರಯೋಜನ?

ಸರಕಾರದ ಹಣದಲ್ಲಿ ಊರಿನ ಮಕ್ಕಳಿಗೆ ಕಲಿಯುವ ಜಾಗ ಸಿಗಬೇಕಾದರೆ, ಆ ಜಾಗದಲ್ಲಿ ಕೂರಲು ಅರ್ಹತೆ ಇರುವವಳು ಊರಿನಲ್ಲೇ ಇರಬೇಕು. ನಿಯಮವೇ ಹಾಗಿದೆ. ಆದ್ದರಿಂದ ನಿಮ್ಮ ಸೊಸೆಯ ಪಿಯುಸಿ ಊರಿನ ಮಕ್ಕಳಿಗೂ ಸಂಬಂಧಪಟ್ಟದ್ದು.

ಇನ್ನೊಂದು ಮುಖ

ಇದೆಲ್ಲ ಓದಿ, ಕೆಲಸ ಸಿಕ್ಕರೆ ಸುಖವೇ ಸುಖ ಎಂದು ಯಾರೂ ತಿಳಿಯಬಾರದು. ಅಂಗನವಾಡಿ ಅಕ್ಕೋರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2018ರ ಅಕ್ಟೋಬರಿನಲ್ಲಿ ಕೇಂದ್ರ ತಾನು ನಿಗದಿಪಡಿಸಿದ ಗೌರವಧನವನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ರಾಜ್ಯ ತನ್ನ ಪಾಲು ಸೇರಿಸುತ್ತದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಲಾಯಿತು. ಆದರೂ ಕೇಳುವ ಓದು ಹೆಚ್ಚಿದಷ್ಟು ಕೊಡುವ ಹಣ ಹೆಚ್ಚಿಲ್ಲ ಎನ್ನುವುದು ಅವರ ಅಳಲು. ಅದರಲ್ಲಿ ನ್ಯಾಯವಿದೆ. ಮನೆ ಮನೆ ಸಮೀಕ್ಷೆ, ಮತದಾರರ ಪಟ್ಟಿ ಎಂದು ಬೇರೆ ಕೆಲಸಗಳೂ ಅವರ ಹೆಗಲಿಗೇ ಬೀಳುತ್ತವೆ. ಆ ದಿನ ‘ಚಿಲಿಪಿಲಿ’ ಸುಮ್ಮನಾಗುತ್ತದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು, ಗುಜರಾತಿನಿಂದ ಬಂದ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟಿತು. ಅದುವರೆಗೆ ‘ಸೇವೆ’ ಎಂದು ಕರೆಸಿಕೊಳ್ಳುತ್ತಿದ್ದದ್ದನ್ನು ನ್ಯಾಯಾಲಯ ‘ಕೆಲಸ’ ಎಂದು ಗುರುತಿಸಿತು. ಒಂದನೇ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕು ಎಂಬ ನಿಯಮವೂ ಈಗ ಬಂದಿರುವುದರಿಂದ, ಮೂರರಿಂದ ಆರರವರೆಗಿನ ಮಕ್ಕಳು ಎಲ್ಲಿ, ಯಾರ ಕೈಯಲ್ಲಿ ಕಲಿಯುತ್ತಾರೆ ಎನ್ನುವುದು ಪ್ರತಿ ಮನೆಯ ಪ್ರಶ್ನೆಯಾಗಿದೆ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಆರು ವರ್ಷದೊಳಗೇ ಆಗಿಬಿಡುತ್ತದೆ ಎಂದು ಶಿಕ್ಷಣ ನೀತಿಯೇ ಹೇಳಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೇ?

ಈ ವಾರ ಮನೆಯವರೆಲ್ಲ ಕೂಡಿ ಮಾಡುವ ಕೆಲಸ

ಮಕ್ಕಳೇ, ನಿಮಗೆ ಒಂದು ಕೆಲಸ. ನೀವು ಚಿಕ್ಕವರಿದ್ದಾಗ ಹೋಗುತ್ತಿದ್ದ ಅಂಗನವಾಡಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಬನ್ನಿ. ಅಕ್ಕೋರಿಗೆ ನಮಸ್ಕಾರ ಹೇಳಿ ಮೂರು ಪ್ರಶ್ನೆ ಕೇಳಿ: ನೀವು ಎಲ್ಲಿಯವರೆಗೆ ಓದಿದ್ದೀರಿ? ಯಾವ ತರಬೇತಿ ಪಡೆದಿದ್ದೀರಿ? ಇನ್ನೂ ಏನು ಕಲಿಯಬೇಕೆಂದಿದ್ದೀರಿ? ಉತ್ತರಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಅಜ್ಜಿಯರೇ, ನಿಮಗೂ ಒಂದು. ಹಳೆಯ ಬಟ್ಟೆಯಿಂದ ಒಂದು ಗೊಂಬೆ ಹೊಲಿದು ಅಂಗನವಾಡಿಗೆ ಕೊಡಿ. ಮೊಮ್ಮಕ್ಕಳು ಅದಕ್ಕೆ ಕಣ್ಣು, ಮೂಗು ಬಿಡಿಸಲಿ. ಗುಂಡಿ, ಮಣಿ ಹಚ್ಚಬೇಡಿ. ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಕೊಡುವ ದಿನ ಅಲ್ಲೇ ಕೂತು ಒಂದು ಕಥೆಯನ್ನೂ ಹೇಳಿ ಬನ್ನಿ. ನಿಮ್ಮ ಹತ್ತಿರ ಇರುವಷ್ಟು ಕಥೆ ಯಾವ ಪಠ್ಯಕ್ರಮದಲ್ಲೂ ಇಲ್ಲ.

ಅಜ್ಜಂದಿರೇ, ನಿಮ್ಮ ಕೆಲಸ ಎಲ್ಲಕ್ಕಿಂತ ಸುಲಭ. ಇವತ್ತು ಊಟವಾದ ಮೇಲೆ ಸೊಸೆಯನ್ನೋ ಮಗಳನ್ನೋ ಕರೆದು ಒಂದೇ ಮಾತು ಕೇಳಿ: “ಯವ್ವಾ, ಮುಂದ ಓದು ಅನಸ್ತೈತೇನ?” ಉತ್ತರ ಹೂಂ ಎಂದಾದರೆ, ನಾಳೆ ಸಂಜೆಯಿಂದ ಎರಡು ತಾಸು ಕೂಸು ನಿಮ್ಮ ಪಾಲಿಗೆ.